ಕಡಲ ತಳಕ್ಕೆ ಕ್ಯಾಮೆರಾ ಇಳಿಸಿ ಎಣಿಸೋದು

ಕರಾವಳಿಯ ಒಂದು ಕಾಲೇಜಲ್ಲಿ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಒಂದಿಷ್ಟು ಬೋಟಿನವರು ಸೇರಿದ್ದ ಕಡೆ ಮಾತಾಡಿದ್ದು ಇದು. ಬರೆದು ಹಾಕಿ ಅಂತ ಕೆಲವರು ಕೇಳಿದ್ರು, ಅದಕ್ಕೆ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಿನ ಧಾಟಿ ತಿದ್ದೋಕೆ ಹೋಗಿಲ್ಲ, ಕೊನೇಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ರಿಗೂ ನಮಸ್ಕಾರ.

ಕಡಲಲ್ಲಿ ಎಷ್ಟು ಮೀನಿದೆ ಅನ್ನೋ ಲೆಕ್ಕ ನಮ್ಮಲ್ಲಿ ಶುರುವಾಗೋದು ಧಕ್ಕೆಯಿಂದ. ಮಲ್ಪೆಗೋ ಮಂಗಳೂರಿಗೋ ಬೋಟು ಬರುತ್ತೆ, ಬುಟ್ಟಿ ಇಳೀತವೆ, ಸಿಎಮ್‌ಎಫ್‌ಆರ್‌ಐ, ಅಂದ್ರೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಆಯ್ದ ಬಂದರುಗಳಲ್ಲಿ ಆಯ್ದ ದಿನಗಳಲ್ಲಿ ನಿಂತು ಯಾವ ಜಾತಿ ಎಷ್ಟು ಬಂತು ಅಂತ ಬರ್ಕೊಳ್ತಾರೆ, ಅದ್ರಿಂದ ಇಡೀ ಕರಾವಳಿಯ ಅಂದಾಜು ಕಟ್ತಾರೆ. ದಶಕಗಳಿಂದ ನಡೀತಿರೋ ಕೆಲಸ, ಅದಿಲ್ಲದಿದ್ರೆ ನಮಗೆ ಕತ್ತಲೆಯೇ ಗತಿ. ಆದ್ರೆ ಅದು ಮೇಲೆ ಬಂದದ್ದರ ಲೆಕ್ಕ. ಟ್ರಾಲ್ ಬಲೆ ತಳದ ಮೇಲೆ ಹಾದು ಹೋದಾಗ ಎಷ್ಟು ಏಡಿ ಬಲೆ ಕೆಳಗೆ ನುಸುಳಿ ಉಳೀತು, ಎಷ್ಟು ಚಿಪ್ಪು ಒಡೀತು, ಬಲೆ ಹೋಗದೇ ಇರೋ ಕಲ್ಲಿನ ಜಾಗದಲ್ಲಿ ಏನಿದೆ, ಇದು ಯಾವ ಬುಟ್ಟಿಯಲ್ಲೂ ಬರೋದಿಲ್ಲ.

ವಿಜ್ಞಾನಿಗಳೂ ಬಹಳ ಕಾಲ ಹೀಗೇ ಮಾಡಿದ್ದು. 1872ರಿಂದ 1876ರವರೆಗೆ ಚಾಲೆಂಜರ್ ಅನ್ನೋ ಬ್ರಿಟಿಷ್ ಸಂಶೋಧನಾ ಹಡಗು ಲೋಕ ಸುತ್ತಿ ಬಂತಲ್ಲ, ಅವ್ರು ಕೂಡ ತಳಕ್ಕೆ ಡ್ರೆಡ್ಜ್ ಹಾಕಿ ಎಳೆದು ಮೇಲೆ ಬಂದ ಕೆಸರಲ್ಲಿ ಕೈ ಹಾಕಿ ಹುಡುಕಿದವ್ರು. ಡ್ರೆಡ್ಜ್ ಅಂದ್ರೆ ಕಬ್ಬಿಣದ ಚೌಕಟ್ಟು, ಹಿಂದೆ ಉಂಗುರಗಳ ಚೀಲ, ತಳ ಕೆರೆದುಕೊಂಡು ಬರುತ್ತೆ. 1893ರಲ್ಲಿ ಲೂಯಿ ಬೂತಾನ್ ಅನ್ನೋ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ನೀರೊಳಗೆ ಫೋಟೋ ತೆಗೆದು ತೋರಿಸಿದ್ರು, ಆದ್ರೆ ಫೋಟೋ ತೆಗೆಯೋದು ಬೇರೆ, ಫೋಟೋ ನೋಡಿ ಎಣಿಸೋದು ಬೇರೆ, ಇವೆರಡರ ನಡುವಿನ ದೂರ ದಾಟೋಕೆ ಬಹಳ ವರ್ಷ ಹಿಡೀತು. ಇವತ್ತು ನಾನು ಹೇಳೋಕೆ ಹೊರಟಿರೋದು ಆ ದೂರ ದಾಟಿದ ಒಂದು ಜಾಗದ ಕತೆ. ನಮ್ಮ ಊರಿನದ್ದಲ್ಲ, ಅಮೆರಿಕದ ಈಶಾನ್ಯ ಕರಾವಳಿಯ ನ್ಯೂ ಬೆಡ್‌ಫರ್ಡ್ ಬಂದರಿನದ್ದು. ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ ಇದ್ರಲ್ಲಿ ಬೋಟು ಮೀನುಗಾರರದ್ದು, ಕ್ಯಾಮೆರಾ ವಿಶ್ವವಿದ್ಯಾಲಯದ್ದು, ಇಬ್ರೂ ಒಂದೇ ಟಿವಿ ಮುಂದೆ ಕೂತು ನೋಡಿದ್ದಾರೆ.

ಮೊದಲು ಜಗಳ ಏನಿತ್ತು ಅಂತ ಹೇಳ್ತೀನಿ. ಕೇಪ್ ಕಾಡ್‌ನಿಂದ ಪೂರ್ವಕ್ಕೆ ಜಾರ್ಜಸ್ ಬ್ಯಾಂಕ್ ಅಂತ ಕಡಲೊಳಗಿನ ದೊಡ್ಡ ದಿಬ್ಬ ಇದೆ, ಮರಳು, ಜಲ್ಲಿ, ಉರುಟು ಕಲ್ಲು, ಮೇಲೆ ಜೋರು ಸೆಳವು. ಕಾಡ್, ಹ್ಯಾಡಕ್ ಮೀನುಗಳಿಗೆ ಹೆಸರಾದ ಜಾಗ. 90ರ ದಶಕದ ಶುರುವಿಗೆ ಆ ಮೀನುಗಳು ಕುಸಿದು ಹೋದ್ವು, 1994ರ ಡಿಸೆಂಬರ್‌ನಲ್ಲಿ ಸರ್ಕಾರ ದೊಡ್ಡ ದೊಡ್ಡ ಪ್ರದೇಶಗಳನ್ನ ಮುಚ್ಚಿಬಿಡ್ತು, ತಳ ಕೆರೆಯೋ ಯಾವ ಬಲೆಯೂ ಹೋಗಬಾರದು ಅಂತ. ಅದೇ ತಳದ ಮೇಲೆ ಸ್ಕ್ಯಾಲಪ್ ಅನ್ನೋ ಚಿಪ್ಪುಜೀವಿ ಇರ್ತಿತ್ತು. ನಮ್ಮ ಮರುವಾಯಿ, ಪಚ್ಚಿಲೆಗಳ ದೂರದ ನೆಂಟ ಅಂತ ಇಟ್ಕೊಳ್ಳಿ, ಆದ್ರೆ ಅಂಗೈಯಷ್ಟು ದೊಡ್ಡದು, ಮರಳಲ್ಲಿ ಹೂತುಕೊಳ್ಳೋದಿಲ್ಲ, ಮೇಲೇ ಮಲಗಿರುತ್ತೆ, ಅಂಚಿನುದ್ದಕ್ಕೂ ಸಾಲು ಸಾಲು ಪುಟ್ಟ ಕಣ್ಣುಗಳು, ಅಪಾಯ ಬಂದ್ರೆ ಎರಡೂ ಚಿಪ್ಪು ಪಟಪಟ ಬಡಿದು ಈಜಿ ಹೋಗುತ್ತೆ. ಅದ್ರೊಳಗಿನ ಬಿಳಿ ಸ್ನಾಯುವನ್ನ ಮಾತ್ರ ಮಾರ್ತಾರೆ, ದುಬಾರಿ ಮಾಲು. ಮೀನಿಗೋಸ್ಕರ ಜಾಗ ಮುಚ್ಚಿದಾಗ ಸ್ಕ್ಯಾಲಪ್ ಬೋಟಿನವರೂ ಹೊರಗೆ ಬಿದ್ರು.

ಮೂರ್ನಾಲ್ಕು ವರ್ಷ ಕಳೀತು. ಬೋಟಿನವರು ಹೇಳೋಕೆ ಶುರು ಮಾಡಿದ್ರು, ಮುಚ್ಚಿದ ಜಾಗದೊಳಗೆ ಸ್ಕ್ಯಾಲಪ್ ತುಂಬಿ ತುಳುಕ್ತಾ ಇದೆ, ನಾವು ಹೊರಗೆ ಖಾಲಿ ತಳ ಕೆರೀತಾ ಇದೀವಿ ಅಂತ. ಸರ್ಕಾರದ ಹತ್ರ ತನ್ನದೇ ಡ್ರೆಡ್ಜ್ ಸರ್ವೆ ಇತ್ತು, ಅದೂ ಹೆಚ್ಚಳ ತೋರಿಸ್ತಿತ್ತು, ಆದ್ರೆ ಎಷ್ಟು ಅನ್ನೋದ್ರಲ್ಲಿ ತಕರಾರು. ಯಾಕಂದ್ರೆ ಡ್ರೆಡ್ಜ್ ತನ್ನ ದಾರಿಯಲ್ಲಿ ಸಿಕ್ಕಿದ್ದೆಲ್ಲಾ ಎತ್ಕೊಂಡು ಬರಲ್ಲ, ಅರ್ಧಕ್ಕಿಂತ ಹೆಚ್ಚು ಬಿಟ್ಟು ಬರೋದೂ ಉಂಟು, ಮರಳಲ್ಲಿ ಒಂದು ಥರ, ಕಲ್ಲಲ್ಲಿ ಇನ್ನೊಂದು ಥರ. ಬಿಟ್ಟು ಬಂದ ಪಾಲು ಎಷ್ಟು ಅನ್ನೋದು ಗೊತ್ತಿಲ್ಲದಿದ್ರೆ ಬಂದ ಪಾಲಿನಿಂದ ಒಟ್ಟು ಲೆಕ್ಕ ಹಾಕೋದು ಹೇಗೆ? ಮೀನುಗಾರರು ಒಂದು ಸಂಖ್ಯೆ ನಂಬ್ತಾರೆ, ಅಧಿಕಾರಿಗಳು ಇನ್ನೊಂದು ನಂಬ್ತಾರೆ, ಇಬ್ರಿಗೂ ತಳ ಕಾಣ್ತಿಲ್ಲ.

ಆಗ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್‌ಮತ್ ಕ್ಯಾಂಪಸ್‌ನ ಕೆವಿನ್ ಸ್ಟೋಕ್ಸ್‌ಬರಿ ಮತ್ತು ಅವ್ರ ಜೊತೆಯವ್ರು 1999ರಲ್ಲಿ ಸ್ಕ್ಯಾಲಪ್ ಬೋಟುಗಳ ಮೇಲೇ ಕ್ಯಾಮೆರಾ ತಗೊಂಡು ಹೋದ್ರು. ಬೋಟು, ಡೀಸೆಲ್, ಊಟ, ಸಿಬ್ಬಂದಿ ಎಲ್ಲಾ ಮಾಲೀಕರು ಕೊಟ್ರು. ಉಪಕರಣ ನೋಡೋಕೆ ಸರಳ. ಉಕ್ಕಿನ ಪೈಪುಗಳ ಒಂದು ಪಿರಮಿಡ್, ಮನುಷ್ಯನಿಗಿಂತ ಎತ್ತರ. ತುದಿಯ ಹತ್ರ ನೇರ ಕೆಳಗೆ ನೋಡೋ ಕ್ಯಾಮೆರಾ, ಕಾಲುಗಳ ಮೇಲೆ ದೀಪಗಳು. ಬೋಟಿನ ವಿಂಚ್‌ನಿಂದ ಇಳಿಸ್ತಾರೆ, ಜೊತೆಗೆ ಒಂದು ಕೇಬಲ್ ಮೇಲೆ ಬರುತ್ತೆ, ವೀಲ್‌ಹೌಸ್‌ನಲ್ಲಿ, ಅಂದ್ರೆ ಬೋಟು ನಡೆಸೋ ಕೋಣೆಯಲ್ಲಿ, ಟಿವಿ ಪರದೆ ಮೇಲೆ ತಳ ಆಗಿಂದಾಗ್ಲೇ ಕಾಣುತ್ತೆ. ಬೇಕಾದ್ರೆ ಹತ್ತಿರದಿಂದ ನೋಡೋಕೆ ಇನ್ನೊಂದು, ಪಕ್ಕದಿಂದ ನೋಡೋಕೆ ಮತ್ತೊಂದು ಕ್ಯಾಮೆರಾ.

ಪಿರಮಿಡ್ ಯಾಕೆ, ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಇಳಿಸಿದ್ರೆ ಆಗಲ್ವಾ ಅಂತ ವಿದ್ಯಾರ್ಥಿಗಳು ಯಾವಾಗ್ಲೂ ಕೇಳ್ತಾರೆ. ಹಗ್ಗದಲ್ಲಿ ನೇತಾಡೋ ಕ್ಯಾಮೆರಾ ಅಲೆಗೆ ಮೇಲೆ ಕೆಳಗೆ ಆಗುತ್ತೆ, ಒಂದು ಕ್ಷಣ ತಳದಿಂದ ಒಂದು ಮೀಟರ್, ಮರುಕ್ಷಣ ಮೂರು ಮೀಟರ್, ಪರದೆ ಮೇಲೆ ಕಾಣೋ ಜಾಗದ ಅಳತೆ ಪ್ರತಿ ಸಲ ಬೇರೆ. ಜೀವಿ ಕಂಡಿತು ಅನ್ನಬಹುದು, ಚದರ ಮೀಟರಿಗೆ ಎಷ್ಟು ಅಂತ ಹೇಳೋಕಾಗಲ್ಲ. ಪಿರಮಿಡ್ ತಳದ ಮೇಲೆ ಕೂತಾಗ ಲೆನ್ಸಿಗೂ ಮರಳಿಗೂ ಇರೋ ದೂರ ಯಾವತ್ತೂ ಒಂದೇ, ಹಾಗಾಗಿ ಕಾಣೋ ಚೌಕವೂ ಒಂದೇ, ಸುಮಾರು 3 ಚದರ ಮೀಟರ್. ಈ ಒಂದು ಕಾರಣಕ್ಕೆ ಸಿನಿಮಾ ಆಗಬೇಕಿದ್ದದ್ದು ಅಳತೆ ಆಯ್ತು. ಪಿರಮಿಡ್ ಬಳಸದೇ ಮೇಲಿನಿಂದ ತೆಗೆಯೋ ಕ್ಯಾಮೆರಾಗಳಲ್ಲಿ ಎರಡು ಲೇಸರ್ ಕಿರಣ ಒಂದಕ್ಕೊಂದು ಸಮಾನಾಂತರವಾಗಿ ಬಿಡ್ತಾರೆ, ತಳದ ಮೇಲೆ ಬೀಳೋ ಎರಡು ಚುಕ್ಕಿಗಳ ನಡುವಿನ ಅಂತರ ಗೊತ್ತಿರೋದ್ರಿಂದ ಉಳಿದದ್ದನ್ನ ಅಳೀಬಹುದು.

ಇನ್ನು ದೀಪ. ನೀರು ಕೆಂಪು ಬಣ್ಣವನ್ನ ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತೆ, 50 ಮೀಟರ್ ಕೆಳಗೆ ಬಿಸಿಲಿನಿಂದ ಏನಾದ್ರೂ ಬೆಳಕು ಉಳಿದಿದ್ರೂ ಅದು ನೀಲಿ ಹಸಿರು. ಸ್ಕ್ಯಾಲಪ್‌ನ ಮೇಲ್ಚಿಪ್ಪು ಕೆಂಗಂದು, ದೀಪ ಇಲ್ದಿದ್ರೆ ಅದು ಮರಳಲ್ಲಿ ಕರಗಿ ಹೋಗುತ್ತೆ. ಹಾಗಂತ ದೀಪವನ್ನ ಲೆನ್ಸಿನ ಪಕ್ಕದಲ್ಲೇ ಇಟ್ರೆ ನೀರಲ್ಲಿ ತೇಲೋ ಕಣಗಳೆಲ್ಲಾ ಹೊಳೆದು ಪರದೆ ಬೆಳ್ಳಗಾಗುತ್ತೆ, ಮಂಜಲ್ಲಿ ಹೈಬೀಮ್ ಹಾಕಿದ ಹಾಗೆ. ಅದಕ್ಕೆ ದೀಪ ದೂರ, ಓರೆಯಾಗಿ.

ಈಗ ನಂಗೆ ಇದ್ರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಭಾಗ. ಕ್ಯಾಮೆರಾ ಎಲ್ಲಿ ಇಳಿಸೋದು? ಬೋಟು ನಡೆಸೋ ತಾಂಡೇಲರಿಗೆ ಸ್ಕ್ಯಾಲಪ್ ಎಲ್ಲಿದೆ ಅಂತ ಚೆನ್ನಾಗಿ ಗೊತ್ತು, ಅವ್ರು ಕರೆದುಕೊಂಡು ಹೋದಲ್ಲೆಲ್ಲಾ ಇಳಿಸಿದ್ರೆ ಎಲ್ಲೆಲ್ಲೂ ರಾಶಿ ರಾಶಿ ಕಾಣುತ್ತೆ. ಅದು ಸುಳ್ಳಲ್ಲ, ಆದ್ರೆ ಇಡೀ ಪ್ರದೇಶದ ಲೆಕ್ಕಕ್ಕೆ ಅದು ಬರೋದಿಲ್ಲ. ಅವ್ರು ನಕ್ಷೆ ಮೇಲೆ ಜಾಲರಿ ಎಳೆದ್ರು. ಇಡೀ ದಿಬ್ಬದ ಸರ್ವೆಗೆ 5.6 ಕಿಲೋಮೀಟರ್‌ಗೆ ಒಂದು ಬಿಂದು, ಅಂದ್ರೆ 3 ನಾಟಿಕಲ್ ಮೈಲಿ, ಕೆಲವು ಮುಖ್ಯ ಜಾಗಗಳಲ್ಲಿ ಇನ್ನೂ ಹತ್ತಿರ ಹತ್ತಿರ. ಬಿಂದು ಎಲ್ಲಿ ಬಿತ್ತೋ ಅಲ್ಲಿಗೆ ಹೋಗ್ಬೇಕು, ಅಲ್ಲಿ ಬರೀ ಮರಳಿದ್ರೂ ಸರಿ. ಒಂದು ಬಿಂದುವಿನಲ್ಲಿ ಒಂದು ಸಲ ಇಳಿಸಿ, ಸ್ವಲ್ಪ ಎತ್ತಿ, ಬೋಟನ್ನ ನೀರಿನ ಸೆಳವಿಗೆ ಬಿಟ್ಟು ಸುಮಾರು 50 ಮೀಟರ್ ಸರಿದ ಮೇಲೆ ಮತ್ತೆ ಇಳಿಸಿ, ಹೀಗೆ ನಾಲ್ಕು ಸಲ. ಆಮೇಲೆ ಎತ್ಕೊಂಡು ಮುಂದಿನ ಬಿಂದುವಿಗೆ.

ಲೆಕ್ಕ ಹಾಕಿ ನೋಡಿ. 5.6 ಕಿಲೋಮೀಟರ್ ಚೌಕ ಅಂದ್ರೆ 31 ಚದರ ಕಿಲೋಮೀಟರ್. ಅದ್ರಲ್ಲಿ ನಾವು ಕಣ್ಣಾರೆ ನೋಡಿದ್ದು ನಾಲ್ಕು ಚೌಕ ಸೇರಿ ಸುಮಾರು 12 ಚದರ ಮೀಟರ್. 26 ಲಕ್ಷದಲ್ಲಿ ಒಂದು ಪಾಲು! ಇದನ್ನ ಕೇಳಿದ ಕೂಡ್ಲೇ ಯಾರಿಗಾದ್ರೂ ಇದೆಂಥಾ ಸರ್ವೆ ಅನ್ನಿಸುತ್ತೆ, ಅನ್ನಿಸಬೇಕು ಕೂಡ. ಆದ್ರೆ ಒಂದು ಬಿಂದುವಿನಿಂದ ಯಾರೂ ತೀರ್ಮಾನ ಮಾಡಲ್ಲ, ನೂರಾರು ಬಿಂದುಗಳಿವೆ, ಯಾವುದನ್ನೂ ಯಾರೂ ಇಷ್ಟಪಟ್ಟು ಆರಿಸಿಲ್ಲ, ಹಾಗಾಗಿ ದಟ್ಟ ಜಾಗ, ಖಾಲಿ ಜಾಗ ಎರಡೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ಸಿಕ್ತವೆ, ಸರಾಸರಿ ಎಷ್ಟು ಅನ್ನೋದ್ರ ಜೊತೆಗೆ ಆ ಸರಾಸರಿ ಎಷ್ಟು ಆಚೀಚೆ ಆಗಬಹುದು ಅಂತಲೂ ಹೇಳಬಹುದು. ಒಂದೇ ಬಿಂದುವಿನ ನಾಲ್ಕು ಚೌಕಗಳನ್ನ ನಾಲ್ಕು ಬೇರೆ ಬೇರೆ ಸಾಕ್ಷಿ ಅಂತ ಎಣಿಸೋದಿಲ್ಲ, ಯಾಕಂದ್ರೆ ಸ್ಕ್ಯಾಲಪ್‌ಗಳು ಗುಂಪು ಗುಂಪಾಗಿರ್ತವೆ, ಒಂದು ಚೌಕದಲ್ಲಿ ಇದ್ರೆ 50 ಮೀಟರ್ ಆಚೆಯೂ ಇರೋ ಸಾಧ್ಯತೆ ಜಾಸ್ತಿ. ನಾಲ್ಕನ್ನೂ ಸೇರಿಸಿ ಒಂದೇ ಬಿಂದುವಿನ ಮಾತು ಅಂತ ತಗೊಳ್ತಾರೆ. ಸಂಖ್ಯಾಶಾಸ್ತ್ರ ಓದ್ತಿರೋರು ಇದನ್ನ ಮನಸ್ಸಲ್ಲಿಟ್ಕೊಳ್ಳಿ, ಪರೀಕ್ಷೆಗಲ್ಲ, ಕೆಲಸಕ್ಕೆ.

ಅಂಚಿನ ಸಮಸ್ಯೆ ಅಂತ ಇನ್ನೊಂದಿದೆ, ನಂಗೆ ಬಹಳ ಇಷ್ಟ. ಪರದೆಯ ಅಂಚಲ್ಲಿ ಒಂದು ಸ್ಕ್ಯಾಲಪ್ ಅರ್ಧ ಒಳಗೆ ಅರ್ಧ ಹೊರಗೆ ಇದೆ. ಎಣಿಸಬೇಕಾ ಬೇಡ್ವಾ? ಎಣಿಸಿದ್ರೆ ಚೌಕದಿಂದಾಚೆ ಇರೋದನ್ನೂ ಒಳಗೆ ಎಳ್ಕೊಂಡ ಹಾಗಾಗುತ್ತೆ, ಚದರ ಮೀಟರಿನ ಲೆಕ್ಕ ಹೆಚ್ಚಾಗುತ್ತೆ. ಅವ್ರು ಮಾಡಿದ್ದೇನಂದ್ರೆ, ಸ್ವಲ್ಪ ಕಂಡ್ರೂ ಎಣಿಸೋದು, ಆದ್ರೆ ಚೌಕದ ಅಳತೆಯನ್ನೇ ಸುತ್ತಲೂ ಸರಾಸರಿ ಚಿಪ್ಪಿನ ಅರ್ಧದಷ್ಟು ಹಿಗ್ಗಿಸಿ ಲೆಕ್ಕ ಹಾಕೋದು. ಸಣ್ಣ ವಿಷಯ ಅನ್ನಿಸಬಹುದು, ಇಡೀ ದಿಬ್ಬಕ್ಕೆ ಗುಣಿಸಿದಾಗ ಅದು ಕೋಟಿಗಟ್ಟಲೆ ಪ್ರಾಣಿಗಳ ವ್ಯತ್ಯಾಸ.

ಏನು ಕಂಡ್ರು? ಮುಚ್ಚಿದ ಜಾಗದಲ್ಲಿ ಸ್ಕ್ಯಾಲಪ್ ನಿಜವಾಗ್ಲೂ ತುಂಬಿತ್ತು. ಮುಚ್ಚಿದ ಪ್ರದೇಶಗಳಲ್ಲಿ ಸ್ಕ್ಯಾಲಪ್‌ನ ತೂಕ 1994ರಿಂದ 1998ರೊಳಗೆ 14 ಪಟ್ಟು ಏರಿತ್ತು ಅಂತ ಸರ್ಕಾರಿ ವಿಜ್ಞಾನಿಗಳ ವಿಶ್ಲೇಷಣೆಯೇ ಹೇಳ್ತು. 1999ರಲ್ಲಿ ಒಂದು ಪ್ರದೇಶದ ದಕ್ಷಿಣ ಭಾಗವನ್ನ ಮಿತಿ ಹಾಕಿ ತೆರೆದ್ರು. 2003ರಲ್ಲಿ ಇದೇ ಕ್ಯಾಮೆರಾ ಸರ್ವೆ ಇನ್ನೂ ದಕ್ಷಿಣಕ್ಕೆ ಹೋದಾಗ ಲೆಕ್ಕವಿಲ್ಲದಷ್ಟು ಮರಿ ಸ್ಕ್ಯಾಲಪ್ ಕಂಡ್ವು, ಎಲಿಫೆಂಟ್ ಟ್ರಂಕ್ ಅಂತ ಕರೆಯೋ ಜಾಗದಲ್ಲಿ. 2004ರಲ್ಲಿ ಆ ಜಾಗ ಮುಚ್ಚಿದ್ರು, ಮರಿಗಳು ಬೆಳೆಯೋಕೆ ಬಿಟ್ರು, 2007ರಲ್ಲಿ ತೆರೆದ್ರು. ಅದೇ 2004ರಲ್ಲಿ ಜಾಗಗಳನ್ನ ಸರದಿಯ ಮೇಲೆ ಮುಚ್ಚಿ ತೆರೆಯೋ ಪದ್ಧತಿಯೇ ನಿಯಮ ಆಯ್ತು. 2002ರ ನಂತರ ಹಲವು ವರ್ಷ ಅಮೆರಿಕದ ಸ್ಕ್ಯಾಲಪ್ ಇಳುವರಿ ವರ್ಷಕ್ಕೆ 22 ಸಾವಿರ ಟನ್ ಮೇಲೆ ನಿಂತಿತು, ಅದೂ ಬರೀ ಆ ಬಿಳಿ ಸ್ನಾಯುವಿನ ತೂಕ. ಎಲ್ಲಾ ಕ್ಯಾಮೆರಾದಿಂದ ಆಯ್ತು ಅಂತ ನಾನು ಹೇಳಲ್ಲ, ಡ್ರೆಡ್ಜ್ ಚೀಲದ ಉಂಗುರದ ಗಾತ್ರ ಹೆಚ್ಚಿಸಿದ್ದು, ಕಡಲಿಗೆ ಹೋಗೋ ದಿನಗಳನ್ನ ಇಳಿಸಿದ್ದು, ಒಳ್ಳೆ ಮರಿಗಳ ವರ್ಷ ಬಂದದ್ದು, ಎಲ್ಲಾ ಸೇರಿವೆ. ಆದ್ರೆ ಯಾವ ಜಾಗ ಯಾವಾಗ ಅನ್ನೋ ತೀರ್ಮಾನಕ್ಕೆ ತಳದ ಚಿತ್ರ ಬೇಕಿತ್ತು.

ಸಾವನ್ನೂ ಕ್ಯಾಮೆರಾ ನೋಡುತ್ತೆ, ಇದು ಬಲೆಗೆ ಸುಲಭ ಅಲ್ಲ. ಸ್ಕ್ಯಾಲಪ್ ಸಹಜವಾಗಿ ಸತ್ತಾಗ ಎರಡು ಚಿಪ್ಪುಗಳು ಕೀಲಲ್ಲಿ ಅಂಟಿಕೊಂಡೇ ಬಾಯಿ ತೆರೆದು ಬಿದ್ದಿರ್ತವೆ, ಸ್ವಲ್ಪ ಕಾಲದ ನಂತರ ಕೀಲು ಕೊಳೆತು ಬೇರೆ ಬೇರೆ ಆಗ್ತವೆ. ಅಂದ್ರೆ ಜೋಡಿ ಚಿಪ್ಪು ಖಾಲಿ ಬಿದ್ದಿದ್ರೆ ಅದು ಇತ್ತೀಚಿನ ಸಾವು. ನಾಂಟುಕೆಟ್ ಲೈಟ್‌ಶಿಪ್ ಅನ್ನೋ ಮುಚ್ಚಿದ ಪ್ರದೇಶದಲ್ಲಿ ಇಂಥ ಖಾಲಿ ಜೋಡಿಗಳು ಒಮ್ಮೆಲೇ ಬಹಳ ಹೆಚ್ಚಾದದ್ದನ್ನ ಇದೇ ತಂಡ ದಾಖಲಿಸಿ 2007ರಲ್ಲಿ ಪ್ರಕಟಿಸ್ತು. ಯಾರೂ ಹಿಡಿಯದ ಜಾಗದಲ್ಲಿ ವಯಸ್ಸಾದ ಪ್ರಾಣಿಗಳು ಗುಂಪಾಗಿ ಸತ್ತದ್ದು. ಮುಚ್ಚಿಟ್ಟರೆ ಎಲ್ಲಾ ಸರಿ ಹೋಗುತ್ತೆ ಅನ್ನೋ ನನ್ನಂಥವರಿಗೂ ಇದು ಯೋಚನೆಗೆ ಹಚ್ಚುವ ಸಂಗತಿ.

ಸ್ಕ್ಯಾಲಪ್ ಜೊತೆಗೆ ಉಳಿದದ್ದೆಲ್ಲಾ ಪರದೆಗೆ ಬರುತ್ತೆ. ನಕ್ಷತ್ರ ಮೀನು, ಅದು ಸ್ಕ್ಯಾಲಪ್‌ನ ಶತ್ರು. ಸ್ಯಾಂಡ್ ಡಾಲರ್ ಅನ್ನೋ ಚಪ್ಪಟೆ ದುಂಡು ಜೀವಿಗಳು, ಸನ್ಯಾಸಿ ಏಡಿ, ಸ್ಪಂಜು, ತೊರಕೆ ಜಾತಿಯ ಸ್ಕೇಟ್ ಮೀನು. ಕೆಳಗಿರೋದು ಕೆಸರಾ, ಮರಳಾ, ಜಲ್ಲಿಯಾ, ಬಂಡೆಯಾ ಅಂತಲೂ ಪ್ರತಿ ಚೌಕಕ್ಕೆ ಬರ್ಕೊಳ್ತಾರೆ. ಸ್ಕ್ಯಾಲಪ್‌ಗೆ ಅಂತ ಹೊರಟ ಸರ್ವೆ ವರ್ಷ ವರ್ಷ ಮಾಡ್ತಾ ಮಾಡ್ತಾ ಇಡೀ ತಳದ ನಕ್ಷೆ ಆಗಿಬಿಡ್ತು, ಬೇರೆ ಪ್ರಶ್ನೆ ಇಟ್ಕೊಂಡು ಬಂದವ್ರೂ ಹಳೇ ಟೇಪು ತೆಗೆದು ಮತ್ತೆ ನೋಡಬಹುದು. ಬಲೆಯಲ್ಲಿ ಬಂದದ್ದನ್ನ ಹೀಗೆ ಮತ್ತೆ ನೋಡೋಕೆ ಆಗಲ್ವಲ್ಲ.

ಇದೇ ಸುತ್ತಿನಲ್ಲಿ ಅಲ್ಲಿನ ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯವರು ಮೀನುಗಾರರ ಜೊತೆ ಸೇರಿ ಹ್ಯಾಬ್‌ಕ್ಯಾಮ್ ಅಂತ ಇನ್ನೊಂದು ಮಾಡಿದ್ರು. ಅದು ಕೂರೋದಿಲ್ಲ, ಬೋಟಿನ ಹಿಂದೆ ತಳದಿಂದ ಎರಡು ಮೀಟರ್ ಆಸುಪಾಸು ಮೇಲೆ ಹಾರ್ತಾ ಬರುತ್ತೆ, ಸೆಕೆಂಡಿಗೆ ಐದಾರು ಫೋಟೋ. ಜಾಗ ಬಹಳ ಆವರಿಸುತ್ತೆ, ಆದ್ರೆ ಫೋಟೋ ಲಕ್ಷಗಟ್ಟಲೆ ಬೀಳ್ತವೆ, ಎಲ್ಲಾ ನೋಡೋಕೆ ಜನ ಎಲ್ಲಿ, ಆರಿಸಿ ಆರಿಸಿ ಕೆಲವನ್ನ ಮಾತ್ರ ನೋಡ್ತಾರೆ.

ಕ್ಯಾಮೆರಾಗೆ ಕಾಣದೇ ಇರೋದನ್ನೂ ಹೇಳ್ಬೇಕು. ಮರಳೊಳಗೆ ಹೂತಿರೋ ಹುಳ, ಮರುವಾಯಿ ಥರದ್ದು ಕಾಣಲ್ಲ, ಅದಕ್ಕೆ ಗ್ರ್ಯಾಬ್ ಹಾಕಿ ತಳದ ಮಣ್ಣನ್ನೇ ಬಾಚಿ ತರಬೇಕು, ಜರಡಿ ಹಿಡೀಬೇಕು. ತೀರಾ ಸಣ್ಣ ಮರಿ ಕಾಣಲ್ಲ. ಮರಳ ಬಣ್ಣಕ್ಕೇ ತಿರುಗೋ ಚಪ್ಪಟೆ ಮೀನು ಕಣ್ಣು ತಪ್ಪಿಸುತ್ತೆ, ಓಡೋ ಮೀನು ಪಿರಮಿಡ್ ಬರೋ ಮುಂಚೆ ಓಡಿರುತ್ತೆ. ಒಂದು ಸ್ಪಂಜು ಯಾವ ಜಾತಿ ಅಂತ ಫೋಟೋದಿಂದ ಹೇಳೋದು ಎಷ್ಟೋ ಸಲ ಆಗಲ್ಲ, ಗುಂಪಿನ ಹೆಸರು ಬರೆದು ಬಿಡ್ಬೇಕು, ಊಹೆ ಮಾಡಿ ಜಾತಿ ಹೆಸರು ಬರೆಯೋದಕ್ಕಿಂತ ಅದು ಸಾವಿರ ಪಾಲು ಒಳ್ಳೇದು. ಇಷ್ಟು ನನ್ನ ಮಾತು. ಮುಂದಿನದ್ದು ಪ್ರಶ್ನೆಗಳು.

ಮೊದಲು ಒಬ್ಬ ವಿದ್ಯಾರ್ಥಿನಿ ಕೇಳಿದ್ದು, ಸರ್, ಎಐ ಬಂದ ಮೇಲೆ ಮನುಷ್ಯರು ಕೂತು ಎಣಿಸಬೇಕಾ ಅಂತ. ಸ್ಕ್ಯಾಲಪ್ ಥರ ಸ್ಪಷ್ಟ ಆಕಾರದ ಪ್ರಾಣಿಗೆ ಕಂಪ್ಯೂಟರ್ ಚೆನ್ನಾಗೇ ಕೆಲಸ ಮಾಡ್ತಿದೆಯಮ್ಮ, ಅಲ್ಲಿ ಬಳಸ್ತಾನೂ ಇದ್ದಾರೆ. ಆದ್ರೆ ಅದಕ್ಕೆ ಕಲಿಸೋಕೆ ಮನುಷ್ಯರು ಗುರುತು ಹಾಕಿದ ಫೋಟೋ ಸಾವಿರಾರು ಬೇಕು. ನಮ್ಮ ಅರಬ್ಬೀ ಸಮುದ್ರದ ತಳದ ಅಂಥ ಫೋಟೋ ಸಂಗ್ರಹ ಆಗಬೇಕಾದ್ರೆ ಯಾರೋ ಮೊದಲು ಕೂತು ಗುರುತು ಹಾಕ್ಬೇಕು. ಆ ಯಾರೋ ನೀವೇ ಆಗಬಹುದು, ನಾನು ಮನಸಾರೆ ಹೇಳ್ತಿದೀನಿ.

ಎರಡನೇದು ಹಿಂದಿನ ಸಾಲಿಂದ. ನಮ್ಮ ಕಡಲು ಆ ಥರ ತಿಳಿ ಅಲ್ಲ ಮಾರಾಯ್ರೆ, ಕೆಸರು, ಏನು ಕಾಣ್ತದೆ? ನಿಜ. ಮಳೆಗಾಲದಲ್ಲಿ, ನದಿ ಬಾಯಿಯ ಹತ್ರ, ಏನೂ ಕಾಣಲ್ಲ. ಆದ್ರೆ ನೇತ್ರಾಣಿಯಲ್ಲಿ ಚಳಿಗಾಲದಲ್ಲಿ ಡೈವಿಂಗ್‌ಗೆ ಜನ ಬರೋದು ಆಗ ನೀರು ತಿಳಿ ಇರೋದ್ರಿಂದಲೇ. ಇಂಗ್ಲೆಂಡಿನ ಕೆಸರು ನೀರಲ್ಲಿ ಒಂದು ಉಪಾಯ ಮಾಡ್ತಾರೆ, ಕ್ಯಾಮೆರಾ ಮುಂದೆ ಶುದ್ಧ ನೀರು ತುಂಬಿದ ಪಾರದರ್ಶಕ ಪೆಟ್ಟಿಗೆ ಇಡ್ತಾರೆ, ಪೆಟ್ಟಿಗೆಯ ತಳ ಕಡಲ ತಳದ ಹತ್ರಕ್ಕೇ ಬರುತ್ತೆ, ಹಾಗಾಗಿ ಕ್ಯಾಮೆರಾ ಬಹುಪಾಲು ಶುದ್ಧ ನೀರಿನ ಮೂಲಕವೇ ನೋಡುತ್ತೆ. ಕಾಣೋ ಚೌಕ ಸಣ್ಣದಾಗುತ್ತೆ, ಆದ್ರೆ ಕಾಣುತ್ತೆ. ನಮಗೆ ಇದು ಬೇಕೇ ಬೇಕು, ಯಾಕಂದ್ರೆ ಮಳೆಗಾಲ ಮುಗಿಯೋ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಆಳದ ಆಮ್ಲಜನಕ ಕಮ್ಮಿ ಇರೋ ನೀರು ತೀರದ ಕಡೆ ಏರಿ ಬರುತ್ತೆ, ಗೋವಾದ ಎನ್‌ಐಒ, ಅಂದ್ರೆ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನ ವರ್ಷಗಟ್ಟಲೆ ಅಳೆದಿದ್ದಾರೆ. ಆಗ ತಳದ ಜೀವಿಗಳು ಎಲ್ಲಿ ಹೋಗ್ತವೆ, ಯಾವುದು ಸಾಯುತ್ತೆ, ಯಾವುದು ತಡ್ಕೊಳ್ಳುತ್ತೆ, ಕಣ್ಣಿಂದ ನೋಡಬೇಕಾದ ವಿಷಯ ಇದು.

ಮೂರನೇದು ಒಬ್ಬರು ತಾಂಡೇಲರು ಎದ್ದು ನಿಂತು ಕೇಳಿದ್ರು. ಇದೆಲ್ಲಾ ಮಾಡಿ ಕೊನೆಗೆ ನಮ್ಮ ಜಾಗ ಬಂದ್ ಮಾಡ್ತೀರಾ? ಜೂನ್ ಜುಲೈ ಎರಡು ತಿಂಗಳು ಹೇಗೂ ಬಂದ್ ಉಂಟು. ಅವ್ರ ಭಯ ನಂಗೆ ಅರ್ಥ ಆಗುತ್ತೆ, ಸುಮ್ನೆ ಸಮಾಧಾನ ಹೇಳೋಕೆ ಆಗಲ್ಲ. ನ್ಯೂ ಬೆಡ್‌ಫರ್ಡ್‌ನಲ್ಲಿ ಕ್ಯಾಮೆರಾ ಮುಚ್ಚಿದ ಜಾಗ ತೆರೆಯೋಕೂ ಕಾರಣ ಆಯ್ತು, ತೆರೆದ ಜಾಗ ಮುಚ್ಚೋಕೂ ಕಾರಣ ಆಯ್ತು, ಎರಡೂ ನಡೆದಿದೆ. ವ್ಯತ್ಯಾಸ ಏನಂದ್ರೆ ಬೋಟು ಅವರದ್ದಾಗಿತ್ತು, ಕ್ಯಾಮೆರಾ ಇಳಿಸುವಾಗ ಅವ್ರು ವಿಂಚ್ ಮೇಲೆ ಇದ್ರು, ಪರದೆ ಮೇಲೆ ಕಂಡದ್ದನ್ನ ಅವ್ರೂ ಕಂಡಿದ್ರು. ಸಭೆಯಲ್ಲಿ ಅಧಿಕಾರಿ ಒಂದು ಸಂಖ್ಯೆ ಹೇಳಿದಾಗ ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿತ್ತು. ನಿಮ್ಮನ್ನ ಬಿಟ್ಟು ಮಾಡೋ ಸರ್ವೆಗೆ ನಾನೂ ಒಪ್ಪಲ್ಲ ಅಂತ ಹೇಳಿದೆ.

ಅವ್ರು ಕೂರಲಿಲ್ಲ. ಹಾಗಾದ್ರೆ ಎಲ್ಲಿಂದ ಶುರು ಮಾಡ್ತೀರಿ ಅಂದ್ರು. ನಾನು ಹೇಳಿದ್ದು ಇಷ್ಟು. ಮಲ್ಪೆ ನೇರಕ್ಕೆ ಪಶ್ಚಿಮಕ್ಕೆ, 20 ಮೀಟರ್ ಆಳದಿಂದ 60 ಮೀಟರ್‌ವರೆಗೆ, ನಿಮ್ಮ ಲೆಕ್ಕದಲ್ಲಿ ಹನ್ನೊಂದು ಮಾರಿನಿಂದ ಮೂವತ್ಮೂರು ಮಾರು, ಸಮ ಅಂತರದ ಬಿಂದುಗಳ ಜಾಲರಿ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ, ಗಾಳಿ ಕಮ್ಮಿ ಇರೋ ಬೆಳಿಗ್ಗೆಗಳಲ್ಲಿ. ಪ್ರತಿ ವರ್ಷ ಅದೇ ಬಿಂದುಗಳು. ಅದ್ರ ಜೊತೆಗೆ ಬೇರೆ ಪಟ್ಟಿ ಒಂದು ಬೇಕು, ಜಾಲರಿಯ ಲೆಕ್ಕಕ್ಕೆ ಬೆರೆಸದೆ ಪ್ರತ್ಯೇಕ ಇಡೋದು. ನಿಮ್ಮ ಜಿಪಿಎಸ್‌ನಲ್ಲಿ ಬಲೆ ಸಿಕ್ಕಿ ಹರಿದ ಜಾಗಗಳನ್ನೆಲ್ಲಾ ಗುರುತು ಮಾಡಿಟ್ಟಿರ್ತೀರಲ್ಲ, ಮತ್ತೆ ಅಲ್ಲಿ ಹೋಗಬಾರದು ಅಂತ, ಆ ಪಾಯಿಂಟುಗಳು. ಅಲ್ಲಿ ಕಲ್ಲಿದೆ, ಟ್ರಾಲ್ ಹೋಗಲ್ಲ, ಹಾಗಾಗಿ ಬಲೆ ಎಳೆಯದ ತಳ ಹೇಗಿರುತ್ತೆ ಅಂತ ನೋಡೋಕೆ ನಮಗಿರೋ ಜಾಗ ಅವೇ. ಅವರು ಪಕ್ಕದಲ್ಲಿದ್ದವರ ಜೊತೆ ತುಳುವಿನಲ್ಲಿ ಏನೋ ಮಾತಾಡಿ, ಸರಿ, ಕಾಪು ಆಚೆ ನಮ್ಮ ಹತ್ರ ಅಂಥದ್ದು ಸುಮಾರು ಉಂಟು, ಬರೆದು ಕೊಡುವ ಅಂದ್ರು.